ಬಾಕ್ಸಿಗೆ ಎಷ್ಟು ಡೀಸೆಲ್?

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆ ಟೊಮೆಟೊ ಬೆಳೆಯುವ ಯಾರನ್ನಾದರೂ ಕೇಳಿ, ಪಿಕಪ್ ಕೊಳ್ಳುವಾಗ ಮೊದಲು ಬರುವ ಮಾತು ಒಂದೇ: "ಮೈಲೇಜ್ ಎಷ್ಟು ಕೊಡುತ್ತೆ?" ಎಂಜಿನ್ ಯಾವುದು, ಬಾಡಿ ಎಷ್ಟು ಅಡಿ ಅನ್ನುವುದೆಲ್ಲ ಆಮೇಲೆ. ಮಾರುವವರೂ ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಹಿಡಿದುಕೊಂಡು ನಾಲ್ಕು ಲಕ್ಷವೋ ಐದು ಲಕ್ಷವೋ ಸಾಲಕ್ಕೆ ರುಜು ಹಾಕುತ್ತೇವೆ.

ಈ ವರ್ಷ ನಮ್ಮ ಮನೆಯಲ್ಲೂ ಪಿಕಪ್ ತರುವ ಮಾತು ನಡೆಯಿತು. ಸುಗ್ಗಿಯಲ್ಲಿ ಬಾಡಿಗೆ ಗಾಡಿ ಸಿಗುವುದು ಕಷ್ಟ, ಸಿಕ್ಕರೂ ಅವರು ಹೇಳಿದ್ದೇ ಬಾಡಿಗೆ. ತಮ್ಮ ಗಾಡಿ ನೋಡಲು ಓಡಾಡುತ್ತಿದ್ದ, ನಾನು ಕೂತು ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಬೆಳೆದಂತೆಲ್ಲ ನನಗೆ ಒಂದು ಮಾತು ಗಟ್ಟಿಯಾಯಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಪ್ರಶ್ನೆ ಬೈಕಿಗೆ ಸರಿ, ಕಾರಿಗೂ ಸರಿ. ಸರಕು ಹೊರುವ ಗಾಡಿಗೆ ಕೇಳಬೇಕಾದ್ದು ಬಾಕ್ಸಿಗೆ ಎಷ್ಟು ಡೀಸೆಲ್ ಅಂತ. ಹಾಗೆ ಕೇಳಿದ ಕೂಡಲೇ ಬಾಡಿ ಉದ್ದದ ವಿಷಯ ಎಂಜಿನ್ ವಿಷಯಕ್ಕಿಂತ ಮುಂದಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಕಡೆ ಟೊಮೆಟೊ ದರ ಹೇಳುವುದು 15 ಕೆಜಿ ಬಾಕ್ಸಿಗೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ದಿನ ಡೀಸೆಲ್ ಲೆಕ್ಕ ಯಾರೂ ಕೇಳುವುದಿಲ್ಲ. ಆದರೆ ದರ ಬಿದ್ದಾಗ ಬಿಡಿಸಿದ ಕೂಲಿ, ಬಾಡಿಗೆ, ಮಂಡಿ ಕಮಿಷನ್ ಕಳೆದರೆ ಕೈಗೆ ಏನೂ ಉಳಿಯದೆ ಹಣ್ಣನ್ನು ರಸ್ತೆ ಪಕ್ಕ ಸುರಿದು ಬರುವುದನ್ನು ಇಲ್ಲಿನ ಎಲ್ಲರೂ ನೋಡಿದ್ದಾರೆ. ಬಾಕ್ಸ್ ಎಪ್ಪತ್ತು ಎಂಬತ್ತು ರೂಪಾಯಿಗೆ ಇಳಿದಾಗ, ಅದರಲ್ಲಿ ಹನ್ನೊಂದು ರೂಪಾಯಿ ಡೀಸೆಲ್ಲಿಗೆ ಹೋಗುತ್ತದೋ ಒಂಬತ್ತು ಹೋಗುತ್ತದೋ ಅನ್ನುವುದು ದೊಡ್ಡ ಮಾತು. ಗಾಡಿ ಆರಿಸಬೇಕಾದ್ದು ಆ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು.

ಡೀಸೆಲ್ಲೇನು ಅಗ್ಗವಾಗುತ್ತಿಲ್ಲ. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 14.34ರಿಂದ 18.44ಕ್ಕೆ ಏರಿತು, 2025ರ ಏಪ್ರಿಲ್‌ನಲ್ಲಿ ಶೇ. 21.17 ಆಯಿತು. ಆಗ ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ. ಇಷ್ಟಾದರೂ ಆಂಧ್ರಕ್ಕಿಂತ ನಮ್ಮಲ್ಲೇ ಕಡಿಮೆ. ಅದಕ್ಕೇ ಆ ಕಡೆ ಹೋಗುವ ಗಾಡಿಗಳು ಗಡಿಯ ನಂಗಲಿ ದಾಟುವ ಮುಂಚೆ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ. ನನ್ನ ಲೆಕ್ಕಕ್ಕೆಲ್ಲ ಈ 91 ರೂಪಾಯಿಯನ್ನೇ ಹಿಡಿದಿದ್ದೇನೆ.

ಮೊದಲು ಮೈಲೇಜ್ ಅಂಕಿಯೇ ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಹತ್ತು ಕೊಡುವ ಗಾಡಿಯನ್ನು ಹನ್ನೆರಡಕ್ಕೆ ತಂದರೆ ಎರಡು ಕಿಲೋಮೀಟರ್ ಲಾಭ. ಹದಿನಾರರ ಗಾಡಿ ಇಪ್ಪತ್ತಕ್ಕೆ ಬಂದರೆ ನಾಲ್ಕು. ಎರಡನೆಯದೇ ದೊಡ್ಡದು ಅಂತ ಯಾರಿಗಾದರೂ ಅನಿಸುತ್ತದೆ. ನೂರು ಕಿಲೋಮೀಟರಿಗೆ ಲೆಕ್ಕ ಹಾಕಿ: ಮೊದಲನೆಯದರಲ್ಲಿ 10 ಲೀಟರ್ ಇದ್ದದ್ದು 8.33 ಆಗುತ್ತದೆ, ಉಳಿತಾಯ 1.67 ಲೀಟರ್. ಎರಡನೆಯದರಲ್ಲಿ 6.25 ಇದ್ದದ್ದು 5 ಆಗುತ್ತದೆ, ಉಳಿತಾಯ 1.25 ಲೀಟರ್ ಅಷ್ಟೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಅಲ್ಲಿನ ಹೊಸ ಗಾಡಿಗಳ ಗಾಜಿಗೆ ಅಂಟಿಸುವ ಚೀಟಿಯಲ್ಲಿ 2013ರ ಮಾದರಿಗಳಿಂದ ನೂರು ಮೈಲಿಗೆ ಎಷ್ಟು ಗ್ಯಾಲನ್ ಅನ್ನುವುದನ್ನೂ ಅಚ್ಚು ಹಾಕುತ್ತಾರೆ. ತೂಕ ಹೊರುವ ಗಾಡಿಗಳು ಹತ್ತು, ಹನ್ನೆರಡರ ಆಸುಪಾಸಿನಲ್ಲೇ ಓಡುವುದರಿಂದ ಅಲ್ಲಿ ಸಿಗುವ ಒಂದೊಂದು ಕಿಲೋಮೀಟರೂ ಕಾರಿನವರ ಎರಡು ಮೂರು ಕಿಲೋಮೀಟರಿಗೆ ಸಮ.

ಇನ್ನು ಬಾಕ್ಸಿನ ಲೆಕ್ಕ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ ಅಂತಿಟ್ಟುಕೊಳ್ಳಿ. 1.3 ಟನ್ ಹೊರುವ ಗಾಡಿ ತುಂಬಿದಾಗ 13, ಖಾಲಿ ಇದ್ದಾಗ 16 ಕೊಡುತ್ತದೆ, 1.7 ಟನ್ನಿನದು ತುಂಬಿದಾಗ 11.5, ಖಾಲಿ 14.5 ಕೊಡುತ್ತದೆ ಅಂತ ಲೆಕ್ಕಕ್ಕಾಗಿ ಹಿಡಿಯೋಣ. ಹಣ್ಣು 15 ಕೆಜಿ, ಪ್ಲಾಸ್ಟಿಕ್ ಬಾಕ್ಸು ಒಂದೂವರೆ ಕೆಜಿ, ಒಟ್ಟು ಹದಿನಾರೂವರೆ. ಚಿಕ್ಕ ಗಾಡಿಗೆ 78 ಬಾಕ್ಸ್, ದೊಡ್ಡದಕ್ಕೆ 103. ಹೋಗಿ ಬರಲು ಚಿಕ್ಕದಕ್ಕೆ 9.8 ಲೀಟರ್ ಬೇಕು, ದೊಡ್ಡದಕ್ಕೆ 10.9. ಮೈಲೇಜಿನಲ್ಲಿ ಚಿಕ್ಕದೇ ಗೆದ್ದಿತು. ಬಾಕ್ಸಿಗೆ ಹಂಚಿದರೆ ಚಿಕ್ಕದರಲ್ಲಿ ಹನ್ನೊಂದು ರೂಪಾಯಿ ನಲವತ್ತು ಪೈಸೆ, ದೊಡ್ಡದರಲ್ಲಿ ಒಂಬತ್ತು ಅರವತ್ತೈದು. ಇಲ್ಲಿ ದೊಡ್ಡದೇ ಗೆದ್ದಿತು.

ಆದರೆ ಇದು ಎರಡೂ ತುಂಬಿದ ದಿನದ ಮಾತು. ಮೊದಲ ಬಿಡಿಕೆಯಲ್ಲೂ ಕೊನೆಯ ಬಿಡಿಕೆಯಲ್ಲೂ ಅಷ್ಟು ಹಣ್ಣು ಎಲ್ಲಿ ಬರುತ್ತದೆ? ಅರವತ್ತೇ ಬಾಕ್ಸ್ ಬಂದ ದಿನ ಎರಡೂ ಗಾಡಿಗೆ ತುಸು ಹಗುರ. ಚಿಕ್ಕದು 13.5, ದೊಡ್ಡದು 12.5 ಕೊಟ್ಟಿತು ಅಂದರೂ ಚಿಕ್ಕದರಲ್ಲಿ ಬಾಕ್ಸಿಗೆ ಹದಿನಾಲ್ಕೂವರೆ ರೂಪಾಯಿ, ದೊಡ್ಡದರಲ್ಲಿ ಹದಿನಾರರ ಹತ್ತಿರ. ಲೆಕ್ಕ ತಲೆಕೆಳಗಾಯಿತು. ಹಾಗಾಗಿ ನಾವು ಮೊದಲು ತಿಳಿಯಬೇಕಾಗಿದ್ದು ನಮ್ಮ ತೋಟದ ಮಾಮೂಲಿ ಲೋಡು. ಒಳ್ಳೆಯ ವರ್ಷದ ಒಳ್ಳೆಯ ವಾರದ ಲೋಡು ತೆಗೆದುಕೊಂಡರೆ ವರ್ಷವಿಡೀ ಖಾಲಿ ಜಾಗ ಹೊತ್ತು ತಿರುಗಬೇಕಾಗುತ್ತದೆ. ಮಂಡಿ ಚೀಟಿಗಳನ್ನು ತೆಗೆದು ನೋಡಿದಾಗ ನಮ್ಮದು ಎಪ್ಪತ್ತರಿಂದ ಎಂಬತ್ತೈದರ ಒಳಗೆ ಆಡುತ್ತದೆ ಅಂತ ಗೊತ್ತಾಯಿತು. ಪಿಕಪ್ ನೋಡಲು ಹೊರಡುವ ಮುಂಚೆ ಯಾರೇ ಆದರೂ ಮಾಡಬೇಕಾದ ಕೆಲಸ ಇದು, ಚೀಟಿಗಳನ್ನು ಬಿಸಾಡಬೇಡಿ.

ಈಗ ಬಾಡಿ. ನಮ್ಮ ಬಾಕ್ಸನ್ನು ಅಳತೆ ಪಟ್ಟಿ ಹಿಡಿದು ನೋಡಿದೆ: 54 ಸೆಂಟಿಮೀಟರ್ ಉದ್ದ, 36 ಅಗಲ, 22 ಎತ್ತರ. ಪಿಕಪ್ ಬಾಡಿಯ ಒಳ ಅಗಲ 1.7 ಮೀಟರ್ ಹಿಡಿದರೆ ಬಾಕ್ಸುಗಳನ್ನು ಅಡ್ಡ ಇಟ್ಟು ಮೂರು ಕೂರಿಸಬಹುದು. ಬಾಡಿ ಎರಡೂವರೆ ಮೀಟರ್, ಅಂದರೆ ಎಂಟಡಿಗೆ ಚೂರು ಹೆಚ್ಚು ಇದ್ದರೆ, ಉದ್ದಕ್ಕೆ ಆರು ಸಾಲು. ಏಳನೇ ಸಾಲಿಗೆ 252 ಸೆಂಟಿಮೀಟರ್ ಬೇಕು, ಇರುವುದು 250. ಎರಡೇ ಎರಡು ಸೆಂಟಿಮೀಟರಿಗೆ ಇಡೀ ಸಾಲು ಕೈತಪ್ಪುತ್ತದೆ! ಒಂದು ಹಾಸಿಗೆ, ಅಂದರೆ ಒಂದು ಪದರಕ್ಕೆ, 18 ಬಾಕ್ಸ್. ನಾಲ್ಕು ಹಾಸಿಗೆ 72. ಎಪ್ಪತ್ತೆಂಟು ಬಾಕ್ಸ್ ಹಾಕಬೇಕೆಂದರೆ ಮಿಕ್ಕ ಆರು ಐದನೇ ಹಾಸಿಗೆ ಏರಲೇಬೇಕು.

ಹತ್ತಡಿ ಬಾಡಿ ತೆಗೆದುಕೊಳ್ಳಿ, 3.05 ಮೀಟರ್. ಉದ್ದಕ್ಕೆ ಎಂಟು ಸಾಲು, ಒಂದು ಹಾಸಿಗೆ 24. ಎಪ್ಪತ್ತೆಂಟು ಬಾಕ್ಸ್ ನಾಲ್ಕನೇ ಹಾಸಿಗೇ ಮುಗಿಯುತ್ತದೆ, ಅದೂ ಅಲ್ಲಿ ಆರೇ ಬಾಕ್ಸ್. ಒಂಬತ್ತಡಿಯದು, ಸುಮಾರು 2.75 ಮೀಟರ್, ಏಳು ಸಾಲು ಹಿಡಿಯುತ್ತದೆ, ಹಾಸಿಗೆ 21. ನಾಲ್ಕು ಹಾಸಿಗೆ 84. ನಮ್ಮ ಮಾಮೂಲಿ ಲೋಡು ಹೆಚ್ಚುಕಡಿಮೆ ಪೂರ್ತಿ ಅದರಲ್ಲೇ ಕೂತಿತು. ಹತ್ತಡಿ ಬಾಡಿ ನಮಗೆ ಹಾಸನ್ನು ಇನ್ನಷ್ಟು ತಗ್ಗಿಸುವುದಿಲ್ಲ, ಬರಿ ತಗಡಿನ ತೂಕ ಹೆಚ್ಚಿಸುತ್ತದೆ. ಕಾಗದದ ಮೇಲೆ ಈ ಲೆಕ್ಕ ಮುಗಿದ ಗಳಿಗೆ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಶೋರೂಮಿನ ಯಾವ ಕರಪತ್ರವೂ ಹೇಳದ ವಿಷಯ ನಮ್ಮ ಬಾಕ್ಸೇ ಹೇಳಿತ್ತು.

ಒಂದು ಹಾಸು ಹೆಚ್ಚಾದರೆ ಡೀಸೆಲ್ಲಿಗೆ ಏನು ಸಂಬಂಧ ಅಂತ ಕೇಳಬಹುದು. ನಾಲ್ಕು ಹಾಸು ಅಂದರೆ 88 ಸೆಂಟಿಮೀಟರ್, ಹೆಚ್ಚುಕಡಿಮೆ ಕ್ಯಾಬಿನ್ನಿನ ಮರೆಯಲ್ಲೇ ಇರುತ್ತದೆ. ಐದನೆಯದು ಕ್ಯಾಬಿನ್ ನೆತ್ತಿಯ ಮೇಲೆ ತಲೆ ಎತ್ತುತ್ತದೆ. ಪೂರ್ತಿ ಒಂದು ಹಾಸು ಮೇಲೆದ್ದರೆ ಗಾಳಿಗೆ ಎದುರಾಗುವ ಮೈ ಒಂದು ಚದರ ಮೀಟರಿನ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಮೂರು ಟನ್ ತೂಗುವ ತುಂಬಿದ ಗಾಡಿಗೆ ಟೈರು ರಸ್ತೆಯ ತಡೆ ಸುಮಾರು 300 ನ್ಯೂಟನ್ (ಬಲ ಅಳೆಯುವ ಮಾನ), ನಿಧಾನ ಹೋದರೂ ಜೋರಾಗಿ ಹೋದರೂ ಹೆಚ್ಚು ಬದಲಾಗದು. ಗಾಳಿಯ ತಡೆ ಹಾಗಲ್ಲ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಇಂಥ ಚೌಕಾಕಾರದ ಗಾಡಿಗೆ ಗಂಟೆಗೆ 60 ಕಿಲೋಮೀಟರಿನಲ್ಲಿ ಅದು 350 ನ್ಯೂಟನ್ ಆಸುಪಾಸಿಗೆ ಬಂದರೆ 80ರಲ್ಲಿ 620 ಮುಟ್ಟುತ್ತದೆ. ಅಂದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಎಂಬತ್ತಕ್ಕೆ ಹೊಡೆಯುವಾಗ ಡೀಸೆಲ್ ಕುಡಿಯುವುದು ಟೊಮೆಟೊ ತೂಕಕ್ಕಿಂತ ಹೆಚ್ಚಾಗಿ ಗಾಳಿ. ಸರಿಯಾಗಿ ಬಿಗಿಯದೆ ಪಟಪಟ ಹೊಡೆದುಕೊಳ್ಳುವ ಟಾರ್ಪಾಲು ಇದಕ್ಕೆ ಇನ್ನೂ ಸೇರಿಸುತ್ತದೆ. ಹಾಸು ತಗ್ಗಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ, ತಳದ ಬಾಕ್ಸಿನ ಮೇಲೆ ಭಾರವೂ ಕಡಿಮೆ.

ಉದ್ದ ಬೇಕು ಅಂತ ಎಂಟಡಿ ಗಾಡಿ ತಂದು ಬಾಡಿ ಕಟ್ಟುವವರ ಹತ್ತಿರ ಒಂದೂವರೆ ಅಡಿ ಹಿಂದಕ್ಕೆ ಎಳೆಸುವವರಿದ್ದಾರೆ. ದಯವಿಟ್ಟು ಬೇಡ. ಕಾರ್ಖಾನೆಯಿಂದಲೇ ಉದ್ದ ಬಾಡಿ ಬರುವ ಗಾಡಿಗೆ ಚಾಸಿಯನ್ನು ಆ ತೂಕಕ್ಕೆ ಲೆಕ್ಕ ಹಾಕಿರುತ್ತಾರೆ, ಎಷ್ಟೋ ಮಾದರಿಗಳಲ್ಲಿ ಎರಡು ಆಕ್ಸಲ್‌ಗಳ ನಡುವಿನ ಅಂತರವೂ ಹೆಚ್ಚಿರುತ್ತದೆ. ಎಳೆಸಿದ ಬಾಡಿಯಲ್ಲಿ ಹೆಚ್ಚಿನ ತೂಕವೆಲ್ಲ ಹಿಂದಿನ ಆಕ್ಸಲ್ ಆಚೆ ಕೂರುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಹಿಂದೆ ಚಾಚುವ ಭಾಗ ಎರಡು ಆಕ್ಸಲ್ ನಡುವಿನ ದೂರದ ಶೇ. 60ನ್ನು ಮೀರಬಾರದು ಅನ್ನುವ ನಿಯಮ ಸುಮ್ಮನೆ ಬಂದದ್ದಲ್ಲ. ತೂಕದ ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ಬೇರೆ. ಬಾಕ್ಸಿಗೆ ಎರಡು ರೂಪಾಯಿ ಉಳಿಸಲು ಹೋಗಿ ಒಂದೇ ದಿನ ಅಷ್ಟು ಕಟ್ಟಿದರೆ ಯಾವ ಮೈಲೇಜೂ ಅದನ್ನು ತುಂಬಿಕೊಡುವುದಿಲ್ಲ.

ಎಂಜಿನ್ ವಿಷಯಕ್ಕೆ ಬಂದರೆ ಮಾರುಕಟ್ಟೆಯಲ್ಲಿ ಎರಡು ದಾರಿ ಇದೆ. ಮಹೀಂದ್ರದ ಬೊಲೆರೊ ಪಿಕಪ್‌ಗಳದ್ದು 2,523 ಸಿಸಿಯ ನಾಲ್ಕು ಸಿಲಿಂಡರಿನ ಹಳೆಯ ಗಟ್ಟಿ ಎಂಜಿನ್. 2023ರ ಏಪ್ರಿಲ್‌ನಲ್ಲಿ ಬಂದ ಮ್ಯಾಕ್ಸ್ ಸಾಲಿನಲ್ಲಿ 1.3 ಟನ್ನಿನಿಂದ 2 ಟನ್ ತನಕ, ಬಾಡಿ 3,050 ಮಿಲಿಮೀಟರ್ ತನಕ ಸಿಗುತ್ತದೆ, ಡೀಸೆಲ್ ಎಂಜಿನ್ ಮಾತ್ರ ಅದೇ. ಕೆಲವದರಲ್ಲಿ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 200 ನ್ಯೂಟನ್ ಮೀಟರ್, ಕೆಲವದರಲ್ಲಿ 220. ಇನ್ನೊಂದು ಕಡೆ ಒಂದೂವರೆ ಲೀಟರಿನ ಚಿಕ್ಕ ಎಂಜಿನ್‌ಗಳು. ಟಾಟಾ ಇಂಟ್ರಾ ವಿ50 1,496 ಸಿಸಿಯಲ್ಲೇ 220 ನ್ಯೂಟನ್ ಮೀಟರ್ ಕೊಟ್ಟು ಒಂದೂವರೆ ಟನ್ ಹೊರುತ್ತದೆ. ಅಶೋಕ್ ಲೇಲ್ಯಾಂಡಿನ ದೋಸ್ತ್‌ನದು 1,478 ಸಿಸಿ, ಮೂರೇ ಸಿಲಿಂಡರ್. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದದ್ದು 702 ಸಿಸಿಯ ಎರಡು ಸಿಲಿಂಡರ್. ಅದರಲ್ಲೇ ನಮ್ಮೂರಿನ ಎಷ್ಟೋ ಮನೆಗಳು ಮೊದಲ ಸಲ ಸ್ವಂತ ಗಾಡಿ ಕಂಡವು.

ಚಿಕ್ಕ ಎಂಜಿನ್ ಅಂದರೆ ಕಡಿಮೆ ಡೀಸೆಲ್ ಅನ್ನುವುದು ಅರ್ಧ ಮಾತ್ರ ನಿಜ. ಖಾಲಿ ಓಡುವಾಗ ಅದು ನಿಜ, ಯಾಕೆಂದರೆ ದೊಡ್ಡ ಎಂಜಿನ್ನಿನ ದೊಡ್ಡ ಪಿಸ್ಟನ್‌ಗಳನ್ನು ತಿರುಗಿಸುವ ಘರ್ಷಣೆಯೇ ಸ್ವಲ್ಪ ಡೀಸೆಲ್ ತಿನ್ನುತ್ತದೆ. ತುಂಬಿದ ಗಾಡಿ ಏರಿನಲ್ಲಿ ಹೋಗುವಾಗ ಮಾತು ಬೇರೆ. ಡೀಸೆಲ್ ಎಂಜಿನ್ ಅತ್ಯಂತ ಮಿತವಾಗಿ ಉರಿಯುವುದು ಒಂದೂವರೆ ಸಾವಿರ, ಎರಡು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ನಡುವೆ, ಮೇಲಿನ ಗೇರಿನಲ್ಲಿ ಚೆನ್ನಾಗಿ ಭಾರ ಎಳೆಯುವಾಗ. ಆ ಮಟ್ಟದಲ್ಲಿ ಟಾರ್ಕ್ ಸಾಲದೆ ಎರಡು ಗೇರ್ ಕೆಳಗಿಳಿದು ಮೂರು ಸಾವಿರದಲ್ಲಿ ಕಿರುಚಿಸಬೇಕಾದರೆ ಚಿಕ್ಕ ಎಂಜಿನ್ನಿನ ಲಾಭವೆಲ್ಲ ಅಲ್ಲೇ ಕರಗುತ್ತದೆ. ಆದ್ದರಿಂದ ನೋಡಬೇಕಾದ್ದು ಸಿಸಿ ಅಲ್ಲ, ಟಾರ್ಕ್ ಎಷ್ಟು ಕೆಳಗಿನ ಆರ್‌ಪಿಎಂನಲ್ಲಿ ಸಿಗುತ್ತದೆ ಅನ್ನುವುದು. ಟೆಸ್ಟ್ ಡ್ರೈವ್ ಕೇಳುವಾಗ ಖಾಲಿ ಗಾಡಿ ಓಡಿಸಿ ನೋಡಿ ಪ್ರಯೋಜನವಿಲ್ಲ. ತೂಕ ಹಾಕಿ ಕೊಡಿ ಅಂತ ಪಟ್ಟು ಹಿಡಿಯಿರಿ.

ರಸ್ತೆಯೂ ನೋಡಬೇಕು, ಅದರಲ್ಲೂ ಲೋಡು ಯಾವ ದಿಕ್ಕಿಗೆ ಅನ್ನುವುದನ್ನು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿಂದ ಚೆನ್ನೈಗೆ ಹೊರಟ ಟೊಮೆಟೊ ಗಾಡಿ ಪಲಮನೇರು ದಾಟಿ ಮೊಗಿಲಿ ಘಾಟಿಯಲ್ಲಿ ಇಳಿಯುತ್ತದೆ, ಏರುವುದು ಖಾಲಿಯಾಗಿ. ಭೂಮಿಯೇ ನಮಗೆ ಸಹಾಯ ಮಾಡುತ್ತಿದೆ. ಇದೇ ಒಂದೂವರೆ ಟನ್ ಸರಕನ್ನು 800 ಮೀಟರ್ ಮೇಲಕ್ಕೆ ಹೊರಬೇಕಾಗಿದ್ದರೆ ಎಂಜಿನ್ನಿನ ನಷ್ಟವೆಲ್ಲ ಸೇರಿ ಬರೀ ಆ ಏರಿಗೇ ಒಂದು ಲೀಟರಿಗೂ ಹೆಚ್ಚು ಡೀಸೆಲ್ ಬೇಕಾಗುತ್ತಿತ್ತು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಮೀನು ತರುವವರಿಗೆ ಆಗುವುದು ಅದೇ. ಅವರಿಗೆ ದೊಡ್ಡ ಎಂಜಿನ್ ಬೇಕು ಅಂದರೆ ನಾನು ಒಪ್ಪುತ್ತೇನೆ. ನಮ್ಮ ಬಯಲುಸೀಮೆಯ ಹೆದ್ದಾರಿಗೆ, ಇಳಿಜಾರಿಗೆ ಸಾಗುವ ಲೋಡಿಗೆ, ಅದೇ ಕಾರಣ ಹೇಳಿ ಎಂಜಿನ್ ಆರಿಸುವುದು ಸರಿಯಲ್ಲ.

ಬೆಳೆ ಬದಲಾದರೂ ಇಡೀ ಲೆಕ್ಕ ಬದಲಾಗುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಒಯ್ಯುವವರಿಗೆ ಜಾಗ ಮೊದಲು ಮುಗಿಯುತ್ತದೆ, ತೂಕ ಆಮೇಲೆ. ಅವರಿಗೆ ಹತ್ತಡಿ ಬಾಡಿ, ಸಾಧಾರಣ ಎಂಜಿನ್ ಸಾಕು. ಈರುಳ್ಳಿ, ಆಲೂಗಡ್ಡೆ ಮೂಟೆಯವರಿಗೆ ಬಾಡಿ ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಬಂದುಬಿಡುತ್ತದೆ. ಅವರು ಉದ್ದಕ್ಕೆ ದುಡ್ಡು ಕೊಡುವುದು ದಂಡ.

ಸಿಎನ್‌ಜಿ ಬಗ್ಗೆ ಒಂದೇ ಮಾತು. ಅದರ ಮೈಲೇಜ್ ಹೇಳುವುದು ಕೆಜಿಗೆ. ಒಂದು ಕೆಜಿ ಅನಿಲದಲ್ಲಿ ಇರುವ ಶಕ್ತಿ ಒಂದು ಲೀಟರ್ ಡೀಸೆಲ್ಲಿಗಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ, ಕಿಲೋಮೀಟರಿಗೆ ಎಷ್ಟು ರೂಪಾಯಿ ಅಂತ ನೋಡಿ. ದಿನಾ ಬೆಂಗಳೂರಿನೊಳಗೆ ಸುತ್ತುವವರಿಗೆ ಅದು ಲಾಭವಾಗಬಹುದು. ಸಿಲಿಂಡರಿನ ತೂಕ ಲೋಡಿನಿಂದ ಕಳೆಯುತ್ತದೆ, ಬಂಕಿನಲ್ಲಿ ಕಾಯುವ ಹೊತ್ತು ಹರಾಜಿನ ಹೊತ್ತನ್ನು ತಿನ್ನುತ್ತದೆ. ಬೆಳಗಿನ ಹರಾಜು ತಪ್ಪಿದ ಹಣ್ಣಿಗೆ ಯಾರು ಬೆಲೆ ಕೊಡುತ್ತಾರೆ?

ಟೆಕ್ಸಾಸ್‌ನಲ್ಲಿರುವ ನನ್ನ ಗೆಳೆಯನೊಬ್ಬನೂ ಈಚೆಗೆ ಪಿಕಪ್ ಆರಿಸುತ್ತಿದ್ದ. ಫೋರ್ಡ್ ಎಫ್-150. ಅಲ್ಲಿ ಬಾಡಿ ಐದೂವರೆ, ಆರೂವರೆ, ಎಂಟು ಅಡಿ ಅಂತ ಮೂರು ಬಗೆ, ಎಂಜಿನ್ 2.7 ಲೀಟರ್ ಟರ್ಬೊದಿಂದ 5 ಲೀಟರ್ ವಿ8 ತನಕ, ಜೊತೆಗೆ ಹೈಬ್ರಿಡ್. ಅವನ ಗಾಡಿ ಬಹುಪಾಲು ದಿನ ಅವನೊಬ್ಬನನ್ನೇ ಹೊತ್ತು ಓಡುತ್ತದೆ, ಹಾಗಾಗಿ ಚೀಟಿಯ ಮೈಲೇಜ್ ಅವನಿಗೆ ನಿಜಕ್ಕೂ ಉಪಯೋಗದ್ದು. ಅವನು ಕೇಳಿದ ಒಂದು ಪ್ರಶ್ನೆ ಮಾತ್ರ ನಮಗೂ ಹೊಂದುತ್ತದೆ: ಖಾಲಿ ಬರುವಾಗ ಹಿಂದಿನ ಬಾಗಿಲು ಇಳಿಬಿಟ್ಟರೆ ಗಾಳಿ ಸಲೀಸಾಗಿ ಹೋಗಿ ಇಂಧನ ಉಳಿಯುವುದಿಲ್ಲವೇ? ಅಲ್ಲಿನ ಪಿಕಪ್‌ಗಳನ್ನು ಪರೀಕ್ಷಿಸಿದಾಗ ಕಂಡದ್ದು ಉಲ್ಟಾ. ಬಾಗಿಲು ಮುಚ್ಚಿದ್ದರೆ ಬಾಡಿಯೊಳಗೆ ಗಾಳಿ ಸುಳಿಯಾಗಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಇಳಿಬಿಟ್ಟರೆ ಆ ಸುಳಿ ಒಡೆಯುತ್ತದೆ. ಬಾಗಿಲು ನೇತಾಡಿಸಿಕೊಂಡು ಬರುವುದು ಹಿಂದಿನ ಬೈಕಿನವನಿಗೂ ಅಪಾಯ. ಮುಚ್ಚಿಯೇ ಬನ್ನಿ.

ಕೊನೆಗೆ ನಾವು ನಿಂತದ್ದು ಒಂಬತ್ತಡಿ ಬಾಡಿ, 1.7 ಟನ್ ಮೇಲೆ. 84 ಬಾಕ್ಸ್ ಅಂದರೆ 1,386 ಕೆಜಿ, 1.3 ಟನ್ನಿನ ಗಾಡಿಗೆ ಅದು ಮಿತಿ ಮೀರಿದ ತೂಕ; 1.7ರಲ್ಲಿ ಎಂಜಿನ್ನೂ ಸ್ಪ್ರಿಂಗೂ ನೆಮ್ಮದಿಯಾಗಿರುತ್ತವೆ, ಪಕ್ಕದ ತೋಟದವರ ಹದಿನೈದು ಬಾಕ್ಸ್ ಹಾಕಿಕೊಳ್ಳಲೂ ಎಡೆ ಉಳಿಯುತ್ತದೆ. ತಮ್ಮನಿಗೆ ಹತ್ತಡಿಯ ಆಸೆ ಇತ್ತು. ಮನೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಖಾಲಿ ಬಾಕ್ಸುಗಳನ್ನು ಹಾಸು ಹಾಸಾಗಿ ಜೋಡಿಸಿ ತೋರಿಸಿದ ಮೇಲೆ ಅವನೇ ಒಪ್ಪಿದ.

ಅವನ ತಲೆ ಈಗ ವಾಪಸು ಲೋಡಿನ ಮೇಲೆ ಓಡುತ್ತಿದೆ. ಮೇಲಿನ ಲೆಕ್ಕದಲ್ಲಿ ಹೋಗಿ ಬರುವ 10.9 ಲೀಟರಿನಲ್ಲಿ 4.8 ಲೀಟರ್ ಖಾಲಿ ಬರುವುದಕ್ಕೇ ಸುಟ್ಟಿದೆ, ಅದು ಯಾವ ಎಂಜಿನ್ ಬದಲಿಸಿದರೂ ಉಳಿಯದ ಡೀಸೆಲ್. ಬೆಂಗಳೂರಿನಿಂದ ಹಸುವಿನ ಫೀಡು, ಡ್ರಿಪ್ ಪೈಪು, ಮಲ್ಚಿಂಗ್ ಶೀಟು ನಮ್ಮ ಕಡೆಗೆ ಬರುತ್ತಲೇ ಇರುತ್ತದೆ; ಅದನ್ನು ತರಿಸುವ ಅಂಗಡಿಯವರ ಜೊತೆ ಅವನು ಮಾತಾಡಿ ಬಂದಿದ್ದಾನೆ. ವಾರಕ್ಕೆ ಎರಡು ಸಲವಾದರೂ ಕೊಡುತ್ತೇವೆ ಅಂದಿದ್ದಾರಂತೆ, ಬಾಡಿಗೆ ಇನ್ನೂ ಕುದುರಿಲ್ಲ.